ಚರ್ಚಿನ ಹಾಗೆ ಕಾಣುವ ಮಸೀದಿ, ಅದಕ್ಕೆ ಚಂದಾ ಎತ್ತಿದ ಹೆಂಗಸರು

ಎಡ್ಮಂಟನ್ ಕೆನಡಾ ದೇಶದ ಆಲ್ಬರ್ಟಾ ಪ್ರಾಂತ್ಯದ ರಾಜಧಾನಿ. ಅಲ್ಲಿ ಫೋರ್ಟ್ ಎಡ್ಮಂಟನ್ ಪಾರ್ಕ್ ಎಂಬ ಬಯಲು ಮ್ಯೂಸಿಯಂ ಇದೆ. ಊರು ಹಿಂದೆ ಹೇಗಿತ್ತು ಎಂದು ತೋರಿಸಲು ಹಳೇ ಅಂಗಡಿ, ಹಳೇ ಮನೆ, ಹಳೇ ಬೀದಿಗಳನ್ನು ಅಲ್ಲಿ ಜೋಪಾನ ಮಾಡಿದ್ದಾರೆ. ಅದರ ನಡುವೆ ಒಂದು ಸಣ್ಣ ಕಟ್ಟಡವಿದೆ. ಮುಂದೆ ಎರಡು ಗಿಡ್ಡ ಗೋಪುರ, ಗೋಪುರದ ನೆತ್ತಿಯಲ್ಲಿ ಗುಮ್ಮಟ. ದೂರದಿಂದ ನೋಡಿದವರು ಚರ್ಚ್ ಎಂದುಕೊಳ್ಳುತ್ತಾರೆ. ಹತ್ತಿರ ಹೋದರೆ ಗುಮ್ಮಟದ ಮೇಲೆ ಅರ್ಧಚಂದ್ರ ಕಾಣುತ್ತದೆ. ಅದು ಕೆನಡಾದ ಮೊದಲ ಮಸೀದಿ. ಹೆಸರು ಅಲ್ ರಶೀದ್.

ಮಸೀದಿ ಚರ್ಚಿನ ಹಾಗೆ ಯಾಕಿದೆ, ಅದು ಮ್ಯೂಸಿಯಂಗೆ ಹೇಗೆ ಬಂತು ಎನ್ನುವುದು ಹೇಳಲೇಬೇಕಾದ ಕಥೆ.

ಕೆನಡಾದ 1871ರ ಜನಗಣತಿಯಲ್ಲಿ ಸಿಕ್ಕ ಮುಸ್ಲಿಮರು ಬರೀ 13 ಮಂದಿ. ಅರವತ್ತು ವರ್ಷದ ನಂತರ, 1931ರಲ್ಲಿ, ಅಷ್ಟು ದೊಡ್ಡ ದೇಶಕ್ಕೆಲ್ಲ ಸೇರಿ 645. ನಮ್ಮ ಒಂದು ಸಣ್ಣ ಹಳ್ಳಿಯ ಜನಸಂಖ್ಯೆಯೂ ಅಲ್ಲ. ಆಲ್ಬರ್ಟಾಕ್ಕೆ ಬಂದವರಲ್ಲಿ ಬಹಳಷ್ಟು ಜನ ಈಗಿನ ಲೆಬನಾನ್ ದೇಶದ ಬೆಕಾ ಕಣಿವೆಯವರು. ಅದರಲ್ಲೂ ಲಾಲಾ ಎಂಬ ಒಂದೇ ಹಳ್ಳಿಯ ಕುಟುಂಬಗಳು ಹಲವು. ಒಬ್ಬ ಬಂದು ನೆಲೆ ಕಂಡುಕೊಂಡರೆ ತಮ್ಮನಿಗೆ, ಭಾವನಿಗೆ, ಪಕ್ಕದ ಮನೆಯವನಿಗೆ ಸುದ್ದಿ ಹೋಗುತ್ತಿತ್ತು. ದುಡಿಯಲು ಹೋಗುವವರ ದಾರಿ ಎಲ್ಲ ಕಡೆಯೂ ಒಂದೇ.

ಬಂದವರ ಕೈಯಲ್ಲಿ ಬಂಡವಾಳ ಇರಲಿಲ್ಲ. ಬೆನ್ನ ಮೇಲೆ ಗಂಟು ಹೊತ್ತು ಸೂಜಿ, ದಾರ, ಬಟ್ಟೆ ಮಾರುತ್ತಾ ಗೋಧಿ ಹೊಲಗಳ ನಡುವೆ ಮನೆಯಿಂದ ಮನೆಗೆ ನಡೆದರು. ಸ್ವಲ್ಪ ಕಾಸು ಕೂಡಿದ ಮೇಲೆ ಕೆಲವರು ಕಿರಾಣಿ ಅಂಗಡಿ ಇಟ್ಟರು. ಇನ್ನು ಕೆಲವರು ಉತ್ತರದ ಹಿಮದ ನಾಡಿಗೆ ಹೋಗಿ, ಅಲ್ಲಿನ ಮೂಲನಿವಾಸಿಗಳು ಬೇಟೆಯಾಡಿ ತಂದ ತುಪ್ಪಳದ ಚರ್ಮ ಕೊಳ್ಳುವ ವ್ಯಾಪಾರಕ್ಕಿಳಿದರು.

ಅಂಥ ಒಬ್ಬ ವ್ಯಾಪಾರಿ ಅಲಿ ಹಮ್ದಾನ್. ಆತನ ಹೆಂಡತಿ ಹಿಲ್ವಿ ಹಮ್ದಾನ್. ಲಾಲಾ ಹಳ್ಳಿಯಲ್ಲಿ 1905ರಲ್ಲಿ ಹುಟ್ಟಿದ ಆಕೆ ಹರೆಯದಲ್ಲೇ ಮದುವೆಯಾಗಿ ಕೆನಡಾಕ್ಕೆ ಬಂದಳು. ದಂಪತಿ ಮೊದಲು ಇದ್ದದ್ದು ಫೋರ್ಟ್ ಚಿಪಿವಾಯನ್ ಎಂಬ ಉತ್ತರದ ಕೊಂಪೆಯಲ್ಲಿ. ಮಕ್ಕಳ ಓದಿಗಾಗಿ 1930ರ ದಶಕದಲ್ಲಿ ಎಡ್ಮಂಟನ್‌ಗೆ ಬಂದರು.

ಅಲ್ಲಿ ಬೇರೆಯದೇ ಚಿಂತೆ ಶುರುವಾಯಿತು. ನಮಾಜು ಯಾರದೋ ಮನೆಯ ಪಡಸಾಲೆಯಲ್ಲಿ ನಡೆಯುತ್ತಿತ್ತು. ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್ ಕಲಿತು ಇಂಗ್ಲಿಷಿನಲ್ಲೇ ಆಡಿಕೊಳ್ಳುತ್ತಿದ್ದರು. ಮದುವೆಗೆ, ಹಬ್ಬಕ್ಕೆ, ಸಾವಿಗೆ ಎಲ್ಲರೂ ಸೇರಲು ಒಂದು ಸೂರಿರಲಿಲ್ಲ. ಹೀಗೇ ಬಿಟ್ಟರೆ ಮುಂದಿನ ತಲೆಮಾರಿಗೆ ತಾವು ಯಾರು ಎಂಬುದೇ ಮರೆತುಹೋಗುತ್ತದೆ ಎಂಬ ಭಯ ತಾಯಂದಿರನ್ನು ಕಾಡಿತು.

ಹಿಲ್ವಿ ಮತ್ತು ಕೆಲವು ಹೆಂಗಸರು ನೇರ ಮೇಯರ್ ಜಾನ್ ಫ್ರೈ ಅವರ ಬಳಿ ಹೋದರು. ಮಸೀದಿ ಕಟ್ಟಲು ಜಾಗ ಬೇಕು ಎಂದರು. ದುಡ್ಡಿದೆಯಾ ಎಂದು ಮೇಯರ್ ಕೇಳಿದರು. ಇಲ್ಲ, ಕೂಡಿಸುತ್ತೇವೆ ಎಂದರು ಇವರು. ಬೇಕಾಗಿದ್ದದ್ದು 5,000 ಡಾಲರ್.

ಆ ಕಾಲ ನೆನಪಿರಲಿ. ಅದು ಮಹಾ ಆರ್ಥಿಕ ಕುಸಿತದ ದಶಕ. ಗೋಧಿಗೆ ಬೆಲೆ ಇಲ್ಲ, ಮೇಲಿಂದ ಬರಗಾಲ, ಹೊಲದ ಮಣ್ಣು ಗಾಳಿಗೆ ಹಾರಿಹೋಗುತ್ತಿತ್ತು. ಎಷ್ಟೋ ರೈತರು ಜಮೀನು ಬಿಟ್ಟು ಗುಳೆ ಹೊರಟಿದ್ದರು. ಅಂಥ ಹೊತ್ತಿನಲ್ಲಿ ಈ ಹೆಂಗಸರು ಜಾಸ್ಪರ್ ಅವೆನ್ಯೂ ಎಂಬ ಪೇಟೆ ಬೀದಿಯಲ್ಲಿ ಅಂಗಡಿಯಿಂದ ಅಂಗಡಿಗೆ ಹತ್ತಿಳಿದರು. ಮುಸ್ಲಿಮರನ್ನಷ್ಟೇ ನಂಬಿ ಕೂತಿದ್ದರೆ ಚಂದಾ ಸಾಲುತ್ತಿರಲಿಲ್ಲ. ಕ್ರೈಸ್ತರೂ ಕೊಟ್ಟರು, ಯಹೂದಿ ಅಂಗಡಿಯವರೂ ಕೊಟ್ಟರು.

ಕಟ್ಟುವ ಕೆಲಸ ಸಿಕ್ಕಿದ್ದು ಮೈಕ್ ಡ್ರೆವೊತ್ ಎಂಬ ಉಕ್ರೇನ್ ಮೂಲದ ಕಂಟ್ರ್ಯಾಕ್ಟರಿಗೆ. ಆತನಿಗೆ ಗೊತ್ತಿದ್ದದ್ದು ಆರ್ಥಡಾಕ್ಸ್ ಚರ್ಚ್ ಕಟ್ಟುವುದು. ಕೈಗೆ ಬಂದ ವಿದ್ಯೆಯಲ್ಲೇ ಮಸೀದಿ ಕಟ್ಟಿದ. ಗೋಪುರ, ಗುಮ್ಮಟ ಚರ್ಚಿನ ಧಾಟಿಯಲ್ಲಿ ಬಂದದ್ದು ಹೀಗೆ. ಪ್ರಾರ್ಥನೆಯ ಕೋಣೆಯ ಕೆಳಗೆ ನೆಲಮಾಳಿಗೆಯಲ್ಲಿ ಒಂದು ಹಾಲ್ ಇತ್ತು. ಊಟ, ಮದುವೆ, ಸಭೆ ಎಲ್ಲ ಅಲ್ಲೇ.

1938ರ ಡಿಸೆಂಬರ್ 12ರಂದು ಉದ್ಘಾಟನೆಯಾಯಿತು. ಮೇಯರ್ ಫ್ರೈ ಬಂದರು. ಆಗ ಕೆನಡಾ ಪ್ರವಾಸದಲ್ಲಿದ್ದ ಅಬ್ದುಲ್ಲಾ ಯೂಸುಫ್ ಅಲಿ ಕೂಡ ಬಂದರು. ಕುರಾನನ್ನು ಇಂಗ್ಲಿಷಿಗೆ ತಂದ ಇವರು ಭಾರತದವರು, ಐಸಿಎಸ್ ಅಧಿಕಾರಿಯಾಗಿದ್ದವರು.

ಇದನ್ನು ಉತ್ತರ ಅಮೆರಿಕಕ್ಕೇ ಮೊದಲ ಮಸೀದಿ ಎಂದು ಹೇಳುವವರಿದ್ದಾರೆ. ಅದು ಸರಿಯಲ್ಲ. ಅಮೆರಿಕದ ನಾರ್ತ್ ಡಕೋಟಾದ ರಾಸ್ ಎಂಬ ಊರಿನಲ್ಲಿ ಅರಬ್ ರೈತರು 1929ರಲ್ಲೇ ಒಂದು ಮಸೀದಿ ಕಟ್ಟಿದ್ದರು. ಅಯೋವಾದ ಸೀಡರ್ ರ‍್ಯಾಪಿಡ್ಸ್‌ನಲ್ಲಿ 1934ರಲ್ಲಿ ಇನ್ನೊಂದು ಆಯಿತು. ಕೆನಡಾಕ್ಕೆ ಮಾತ್ರ ಅಲ್ ರಶೀದ್ ಮೊದಲು.

ಮುಂದೆ ಶಾಲೆಗೆ ಜಾಗ ಬೇಕಾದಾಗ ಮಸೀದಿಯನ್ನು ಇದ್ದ ಹಾಗೇ ಎತ್ತಿ ಪಕ್ಕದಲ್ಲೇ ಇನ್ನೊಂದು ಕಡೆ ಕೂರಿಸಿದರು. ಜನ ಹೆಚ್ಚಾಗಿ ಜಾಗ ಸಾಲದೆ 1982ರಲ್ಲಿ ದೊಡ್ಡ ಹೊಸ ಮಸೀದಿ ಕಟ್ಟಿದ ಮೇಲೆ ಹಳೆಯದು ಖಾಲಿಯಾಯಿತು. ಪಕ್ಕದ ಆಸ್ಪತ್ರೆಗೆ ಜಾಗ ಬೇಕಿತ್ತು. ಕೆಡವುವ ಮಾತು ಬಂತು.

ಆಗ ಮತ್ತೆ ಎದ್ದು ನಿಂತವರು ಹೆಂಗಸರೇ. ಲೈಲಾ ಫಾಲ್ಮನ್ 1982ರಲ್ಲಿ ಕಟ್ಟಿದ ಕೆನಡಾ ಮುಸ್ಲಿಂ ಮಹಿಳೆಯರ ಮಂಡಳಿಯ ಎಡ್ಮಂಟನ್ ಶಾಖೆ, ಇದು ನಮ್ಮ ಮಸೀದಿ ಮಾತ್ರವಲ್ಲ, ಈ ಊರಿನ ಚರಿತ್ರೆಯೂ ಹೌದು ಎಂದು ವಾದಿಸಿತು. ಪಾರ್ಕಿನಲ್ಲಿ ಮಸೀದಿ ಯಾಕೆ ಎಂಬ ಆಕ್ಷೇಪಣೆಗಳು ಬಂದವು. ಮಹಿಳೆಯರು ಬಿಡಲಿಲ್ಲ. ಮತ್ತೆ ಚಂದಾ ಎತ್ತಿದರು. ಕಟ್ಟಡ 1991ರಲ್ಲಿ ಫೋರ್ಟ್ ಎಡ್ಮಂಟನ್ ಪಾರ್ಕಿಗೆ ಬಂತು, 1992ರ ಮೇ ತಿಂಗಳಲ್ಲಿ ಬಾಗಿಲು ತೆರೆಯಿತು.

ಈ ವಾದ ಸಣ್ಣದಲ್ಲ. ವಲಸೆ ಬಂದವರನ್ನು ಎಷ್ಟು ತಲೆಮಾರು ಕಳೆದರೂ 'ಹೊರಗಿನವರು' ಎನ್ನುವುದು ಸುಲಭ. ಗೋಧಿ ಹೊಲಗಳ ನಡುವೆ ಗಂಟು ಹೊತ್ತು ನಡೆದವರೂ ಈ ಊರು ಕಟ್ಟಿದವರೇ ಎಂಬುದಕ್ಕೆ ಸಾಕ್ಷಿ ಬೇಕಲ್ಲ, ಆ ಸಾಕ್ಷಿ ಈ ಕಟ್ಟಡ. ಆಲ್ಬರ್ಟಾದ ಹನ್ನಾ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ ಲ್ಯಾರಿ ಶಬೆನ್ 1975ರಲ್ಲಿ ಪ್ರಾಂತ್ಯದ ಶಾಸಕರಾದರು, ಮುಂದೆ ಮಂತ್ರಿಯಾದರು. ಕೆನಡಾದಲ್ಲಿ ಮಂತ್ರಿ ಪದವಿಗೇರಿದ ಮೊದಲ ಮುಸ್ಲಿಂ ಅವರು. ಅದೇ ಪ್ರಾಂತ್ಯದ ಕ್ಯಾಲ್ಗರಿ ನಗರ 2010ರಲ್ಲಿ ನಾಹೀದ್ ನೆನ್ಶಿ ಅವರನ್ನು ಮೇಯರ್ ಆಗಿ ಆರಿಸಿತು.

ಹಾಗಂತ ಎಲ್ಲವೂ ಸಲೀಸಾಗಿಲ್ಲ. 2017ರ ಜನವರಿ 29ರಂದು ಕ್ವಿಬೆಕ್ ನಗರದ ಮಸೀದಿಯೊಂದರಲ್ಲಿ ನಮಾಜು ಮುಗಿಸಿದ ಆರು ಜನರನ್ನು ಒಬ್ಬ ಗುಂಡಿಟ್ಟು ಕೊಂದ. 2021ರ ಹೊತ್ತಿಗೆ ಕೆನಡಾದಲ್ಲಿ ಸುಮಾರು 18 ಲಕ್ಷ ಮುಸ್ಲಿಮರಿದ್ದರು. 645 ಜನರಿದ್ದಾಗ ಇದ್ದ ಪ್ರಶ್ನೆ, ಅಂದರೆ ನಾವು ಈ ಊರಿನವರು ಹೌದೋ ಅಲ್ಲವೋ ಎನ್ನುವುದು, 18 ಲಕ್ಷ ಆದರೂ ಪೂರ್ತಿ ಮುಗಿದಿಲ್ಲ.

ಆದರೆ ಎಡ್ಮಂಟನ್ ತನ್ನ ಮಟ್ಟಿಗೆ ಒಂದು ಉತ್ತರ ಕೊಟ್ಟಿದೆ. ಕ್ವಿಬೆಕ್‌ನಲ್ಲಿ ಗುಂಡು ಹಾರಿದ ಅದೇ 2017ರಲ್ಲಿ ಅಲ್ಲಿ ಒಂದು ಹೊಸ ಸರ್ಕಾರಿ ಶಾಲೆ ಶುರುವಾಯಿತು. ಎಲ್ಲ ಜಾತಿ, ಎಲ್ಲ ಧರ್ಮದ ಮಕ್ಕಳು ಓದುವ ಶಾಲೆ. ಬಾಗಿಲ ಮೇಲಿನ ಹೆಸರು ಹಿಲ್ವಿ ಹಮ್ದಾನ್ ಶಾಲೆ.