ಲಾಸ್ ವೇಗಸ್

ಅಮೆರಿಕದ ನೆವಾಡ ರಾಜ್ಯದ ದಕ್ಷಿಣದಲ್ಲಿ, ಮೊಹಾವೆ ಮರುಭೂಮಿಯಲ್ಲಿರುವ ನಗರ. ಜೂಜಿಗೂ ಮನರಂಜನೆಗೂ ಜಗತ್ಪ್ರಸಿದ್ಧವಾದ ಈ ಊರು ಹುಟ್ಟಿದ್ದು ಮಾತ್ರ ನೀರಿನ ಒರತೆ ಮತ್ತು ರೈಲಿನಿಂದ. ಉಗಿಬಂಡಿಗಳಿಗೆ ನೀರು ಬೇಕಿತ್ತು, ಒರತೆ ಇಲ್ಲಿತ್ತು. 1905ರ ಮೇ 15ರಂದು ಸೆನೆಟರ್ ವಿಲಿಯಂ ಕ್ಲಾರ್ಕ್ ಅವರ ರೈಲ್ವೆ ಕಂಪನಿ ಹಳಿಯ ಪಕ್ಕದ ನಿವೇಶನಗಳನ್ನು ಹರಾಜಿಗಿಟ್ಟಿತು. 1911ರಲ್ಲಿ ಊರು ನಗರಾಡಳಿತ ಪಡೆಯಿತು.

ಇದರ ಹಣೆಬರಹ ಬದಲಾಗಿದ್ದು 1931ರಲ್ಲಿ. ಎರಡು ದಶಕ ಜೂಜನ್ನು ನಿಷೇಧಿಸಿದ್ದ ನೆವಾಡ, ಆರ್ಥಿಕ ಮಹಾಕುಸಿತದ ಆ ದಿನಗಳಲ್ಲಿ ಅದಕ್ಕೆ ಮತ್ತೆ ಪರವಾನಗಿ ಕೊಟ್ಟಿತು. ವಿಚ್ಛೇದನ ಬಯಸುವವರು ಆರು ವಾರ ರಾಜ್ಯದಲ್ಲಿ ವಾಸವಿದ್ದರೆ ಸಾಕೆಂದೂ ಕಾನೂನು ಮಾಡಿತು. ಬೇರೆ ರಾಜ್ಯಗಳು ಮೂಗು ಮುರಿಯುತ್ತಿದ್ದುದೇ ಇಲ್ಲಿ ವರಮಾನದ ಬಾಬತ್ತಾಯಿತು! ಅದೇ ವರ್ಷ ಸಮೀಪದಲ್ಲೇ ಕೊಲರಾಡೊ ನದಿಗೆ ಹೂವರ್ ಅಣೆಕಟ್ಟಿನ ಕೆಲಸ ಶುರುವಾಯಿತು. ಕೆಲಸಗಾರರಿಗಾಗಿ ಕೇಂದ್ರ ಸರ್ಕಾರ ಕಟ್ಟಿಸಿದ ಬೋಲ್ಡರ್ ಸಿಟಿಯಲ್ಲಿ ಜೂಜೂ ಇಲ್ಲ, ಮದ್ಯವೂ ಇಲ್ಲ. ಹೀಗಾಗಿ ಅವರ ಸಂಬಳ ಲಾಸ್ ವೇಗಸ್ಸಿನ ಫ್ರೀಮಾಂಟ್ ರಸ್ತೆಯಲ್ಲಿ ಕರಗತೊಡಗಿತು. ಬೋಲ್ಡರ್ ಸಿಟಿಯಲ್ಲಿ ಜೂಜಿಗೆ ಇಂದಿಗೂ ಅವಕಾಶವಿಲ್ಲ.

ಚಿತ್ರಗಳಲ್ಲಿ ಕಾಣುವ ಝಗಮಗಿಸುವ 'ಸ್ಟ್ರಿಪ್' ರಸ್ತೆಯ ಬಹುಭಾಗ ನಗರದ ಎಲ್ಲೆಯ ಹೊರಗೆ, ಪ್ಯಾರಡೈಸ್ ಎಂಬ ಕೌಂಟಿ ಆಡಳಿತದ ಪ್ರದೇಶದಲ್ಲಿದೆ. ನಗರದ ತೆರಿಗೆ ತಪ್ಪಿಸಿಕೊಳ್ಳುವ ಲೆಕ್ಕಾಚಾರ ಇದರ ಹಿಂದಿತ್ತು. ಅಲ್ಲಿ ಮೊದಲು ತಲೆಯೆತ್ತಿದ ದೊಡ್ಡ ಹೋಟೆಲು 1941ರ ಎಲ್ ರಾಂಚೊ ವೇಗಸ್. 1946ರ ಡಿಸೆಂಬರಿನಲ್ಲಿ ಭೂಗತ ಲೋಕದ ಬಗ್ಸಿ ಸೀಗಲ್ ಫ್ಲಮಿಂಗೊ ತೆರೆದ. ಆರು ತಿಂಗಳೊಳಗೆ ಗುಂಡಿಗೆ ಬಲಿಯಾದ. ಕ್ಯಾಸಿನೊಗಳ ಮೇಲೆ ಪಾತಕ ಕೂಟಗಳ ಹಿಡಿತ ದಶಕಗಳ ಕಾಲ ಉಳಿಯಿತು. 1967ರಿಂದ ಉದ್ಯಮಿ ಹೋವರ್ಡ್ ಹ್ಯೂಸ್ ಹೋಟೆಲುಗಳನ್ನು ಕೊಳ್ಳತೊಡಗಿದ. ಷೇರುಪೇಟೆಯ ಕಂಪನಿಗಳಿಗೆ ಕಾನೂನೂ ದಾರಿ ಬಿಟ್ಟಿತು. ಆ ಹಿಡಿತ ಸಡಿಲವಾಗತೊಡಗಿದ್ದು ಆಮೇಲೆ.

ಈ ವೈಭವದಲ್ಲಿ ಎಲ್ಲರಿಗೂ ಪಾಲಿರಲಿಲ್ಲ. ಸ್ಯಾಮಿ ಡೇವಿಸ್ ಜೂನಿಯರ್‌ರಂಥ ಕಪ್ಪು ಕಲಾವಿದರು ವೇದಿಕೆಯಲ್ಲಿ ಚಪ್ಪಾಳೆ ಗಿಟ್ಟಿಸಿದರೂ ಅದೇ ಹೋಟೆಲಿನಲ್ಲಿ ತಂಗುವಂತಿರಲಿಲ್ಲ. ಸ್ಟ್ರಿಪ್‌ನಲ್ಲಿ ಪ್ರತಿಭಟನೆ ನಡೆಸುವುದಾಗಿ ಕಪ್ಪು ಸಮುದಾಯದ ನಾಯಕರು ಎಚ್ಚರಿಸಿದ ಮೇಲೆ, 1960ರ ಮಾರ್ಚ್ ಒಪ್ಪಂದದಿಂದ ಬಾಗಿಲು ತೆರೆಯಿತು.

1989ರಲ್ಲಿ ಸ್ಟೀವ್ ವಿನ್ ಕಟ್ಟಿಸಿದ ಮಿರಾಜ್, ಅಂಗಳದಲ್ಲಿ ಕೃತಕ ಜ್ವಾಲಾಮುಖಿ ಉಕ್ಕಿಸಿ ಬೃಹತ್ ರೆಸಾರ್ಟುಗಳ ಪೈಪೋಟಿಗೆ ನಾಂದಿ ಹಾಡಿತು. 2024ರಲ್ಲಿ ಅದೂ ಮುಚ್ಚಿತು. ಹಳೆಯ ಹೋಟೆಲನ್ನು ಸಿಡಿಮದ್ದಿಟ್ಟು ಉರುಳಿಸುವುದನ್ನೂ ಪ್ರದರ್ಶನವಾಗಿಸಿಕೊಂಡ ಊರಿದು.

1930ರಲ್ಲಿ 5,165 ಇದ್ದ ಜನಸಂಖ್ಯೆ 2020ರಲ್ಲಿ 6,41,903 ಆಗಿತ್ತು. ಒರತೆಗಳು ಬತ್ತಿವೆ, ಸುಮಾರು ಶೇ. 90ರಷ್ಟು ನೀರು ಅಣೆಕಟ್ಟಿನ ಹಿಂದಿರುವ ಮೀಡ್ ಸರೋವರದಿಂದ ಬರಬೇಕು. ಕಾರಂಜಿಗಳಿಗಾಗಿ ಬೈಸಿಕೊಳ್ಳುವ ಈ ಊರು ಮನೆ, ಹೋಟೆಲುಗಳ ಒಳಗೆ ಬಳಸಿದ ನೀರನ್ನು ಬಹುಪಾಲು ಶುದ್ಧೀಕರಿಸಿ ಸರೋವರಕ್ಕೇ ಮರಳಿಸುತ್ತದೆ. 2021ರ ಕಾನೂನಿನಂತೆ, ಒಂಟಿ ಕುಟುಂಬದ ಮನೆಗಳನ್ನು ಬಿಟ್ಟು ಬೇರೆಡೆ, ಬರೀ ಅಂದಕ್ಕೆ ಬೆಳೆಸಿದ ಹುಲ್ಲುಹಾಸಿಗೆ 2027ರ ಜನವರಿಯಿಂದ ಕೊಲರಾಡೊ ನೀರು ಹಾಯಿಸುವಂತಿಲ್ಲ.