ಬೂದಿದಿಬ್ಬಗಳ ಪದರಗಳಲ್ಲಿ ನವಶಿಲಾಯುಗದ ದನದೊಡ್ಡಿ

ಬಳ್ಳಾರಿ, ರಾಯಚೂರು ಸೀಮೆಗಳಲ್ಲಿ ಅಲ್ಲಲ್ಲಿ ಎದ್ದು ನಿಂತಿರುವ ಬೂದಿದಿಬ್ಬಗಳನ್ನು ಸ್ಥಳೀಯರು ಬಹುಕಾಲದಿಂದ ಪುರಾಣದೊಂದಿಗೆ ಬೆಸೆದು, ಕುಪಗಲ್ಲಿನದನ್ನು ಭೀಮನು ಕೊಂದ ಹಿಡಿಂಬಾಸುರನ ಚಿತೆಯೆಂದೂ ಹಂಪಿಯ ಬಳಿಯ ನಿಂಬಾಪುರದ್ದನ್ನು ವಾಲಿಯನ್ನು ದಹಿಸಿದ ಸ್ಥಳವೆಂದೂ ಹೇಳುತ್ತ ಬಂದಿದ್ದಾರೆ. ವಿದ್ವಾಂಸರ ಆರಂಭದ ಊಹೆಗಳೂ ಇದಕ್ಕಿಂತ ಬಹಳ ಮುಂದೆ ಹೋಗಲಿಲ್ಲ. ಸುಣ್ಣದ ಗೂಡು, ಕಬ್ಬಿಣದ ಕುಲುಮೆ, ಸಾಮೂಹಿಕ ಚಿತೆ, ಕಡೆಗೆ ಜ್ವಾಲಾಮುಖಿಯೂ ಚರ್ಚೆಗೆ ಬಂದವು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇದು ಸಗಣಿ ಸುಟ್ಟ ಬೂದಿಯೆಂದು 19ನೆಯ ಶತಮಾನದಲ್ಲಿಯೇ ಸರಿಯಾಗಿ ಊಹಿಸಿದ್ದರೂ, ಅದಕ್ಕೆ ಗಟ್ಟಿಯಾದ ಪುರಾವೆ ದೊರೆತದ್ದು ದಿಬ್ಬದ ನಿಕ್ಷೇಪವನ್ನೇ, ಎಂದರೆ ಪದರಪದರವಾಗಿ ಶೇಖರಗೊಂಡ ಮಣ್ಣು, ಬೂದಿ, ಕಸಗಳನ್ನೇ, ಪರೀಕ್ಷೆಗೆ ಒಡ್ಡಿದ ಮೇಲೆ.

ಎಫ್. ಇ. ಝ್ಯೂನರ್ 1960ರಲ್ಲಿ ಪ್ರಕಟಿಸಿದ ಅಧ್ಯಯನ ಈ ದಿಕ್ಕಿನಲ್ಲಿ ನಿರ್ಣಾಯಕವಾದುದು. ಹುಲ್ಲು ಮಣ್ಣಿನಿಂದ ಹೀರಿಕೊಂಡ ಸಿಲಿಕಾ ಅದರ ಜೀವಕೋಶಗಳಲ್ಲಿ ಗಟ್ಟಿಗೊಂಡು ಕೋಶದ ಆಕಾರವನ್ನೇ ತಾಳುತ್ತದೆ. ಫೈಟೋಲಿತ್ ಎಂದು ಕರೆಯಲಾಗುವ ಈ ಕಣಗಳು ದನದ ಹೊಟ್ಟೆಯಲ್ಲಿ ಜೀರ್ಣವಾಗದೆ ಸಗಣಿಗೆ ಸೇರಿ, ಅದು ಉರಿದ ಬಳಿಕವೂ ಸೂಕ್ಷ್ಮದರ್ಶಕಕ್ಕೆ ಕಾಣುವಂತೆ ಉಳಿಯುತ್ತವೆ. ಕಾವು ವಿಪರೀತವಾದಲ್ಲಿ ಮಾತ್ರ ಸಗಣಿಯ ಕ್ಷಾರಾಂಶದೊಂದಿಗೆ ಸಿಲಿಕಾ ಕರಗಿ, ತಣಿದಾಗ ಗುಳ್ಳೆಗುಳ್ಳೆಯಾದ, ಗಾಜಿನಂತೆ ಹೊಳೆಯುವ ಕಿಟ್ಟವಾಗುತ್ತದೆ. ಇದನ್ನೇ ಹಿಂದಿನವರು ಕುಲುಮೆಯ ಕಿಟ್ಟವೆಂದು ಭ್ರಮಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಒಲೆಯಲ್ಲಿ ಉರಿದ ಬೆರಣಿ ಮೆತ್ತನೆಯ ಬೂದಿಯನ್ನಷ್ಟೇ ಬಿಡುವುದರಿಂದ, ದಿಬ್ಬದ ಕಿಟ್ಟಕ್ಕೆ ಕಾವು ಒಳಗೇ ನಿಲ್ಲುವಷ್ಟು ದೊಡ್ಡ ಸಗಣಿರಾಶಿ ಹೊತ್ತಿ ಉರಿದಿರಬೇಕು.

ಸಗಣಿ ಅಲ್ಲಿಗೆ ಬಂದ ಬಗೆಯನ್ನು ತೋರಿಸಿದ್ದು, ಈಗ ತೆಲಂಗಾಣದಲ್ಲಿರುವ ಉತ್ನೂರಿನಲ್ಲಿ ಎಫ್. ಆರ್. ಆಲ್ಚಿನ್ 1957ರಲ್ಲಿ ನಡೆಸಿದ ಉತ್ಖನನ. ಅಲ್ಲಿ ಬೇಲಿಯ ಗೂಟಗಳನ್ನು ನೆಟ್ಟ ಕುಳಿಗಳ ಸಾಲುಗಳೂ ದನಗಳ ಗೊರಸಿನ ಗುರುತುಗಳೂ ದೊರೆತುದರಿಂದ, ಅದು ಮತ್ತೆ ಮತ್ತೆ ಕಟ್ಟಿ ಮತ್ತೆ ಮತ್ತೆ ಸುಟ್ಟ ದೊಡ್ಡಿಯೆಂಬುದು ಸ್ಪಷ್ಟವಾಯಿತು. ಈ ಬೆಂಕಿಗೆ ಹಬ್ಬದ ಆಚರಣೆಯೇ ಕಾರಣವಿರಬಹುದೆಂದು ಆಲ್ಚಿನ್ ಸೂಚಿಸಿದರು. ಸಂಕ್ರಾಂತಿಯಂದು ದನಗಳಿಗೆ ಕಿಚ್ಚು ಹಾಯಿಸುವುದನ್ನು ಬಲ್ಲ ಕನ್ನಡಿಗರಿಗೆ ಈ ವಾದ ಸಹಜವಾಗಿಯೇ ರುಚಿಸುತ್ತದೆ. ಆದರೆ ಪದರಗಳು ಬೆಂಕಿ ಮರುಕಳಿಸಿದ್ದನ್ನು ಹೇಳುತ್ತವೆಯೇ ಹೊರತು ಅದನ್ನು ಹಚ್ಚಿದವರ ಮನಸ್ಸನ್ನಲ್ಲ. ಸುರಪುರ ಸೀಮೆಯ ಬೂದಿಹಾಳದಲ್ಲಿ 1990ರ ದಶಕದಲ್ಲಿ ಉತ್ಖನನ ನಡೆಸಿದ ಕೆ. ಪದ್ದಯ್ಯನವರು ಬೂದಿಯ ರಾಶಿಯೊಂದನ್ನೇ ನೋಡದೆ ಸುತ್ತಲಿನ ನೆಲವನ್ನೂ ವಿಸ್ತಾರವಾಗಿ ಅಗೆಸಿದಾಗ, ದೊಡ್ಡಿ, ಅದರ ಪಕ್ಕದ ಸಗಣಿಯ ತಿಪ್ಪೆ, ಜನರ ವಾಸದ ನೆಲೆ, ದನಗಳನ್ನು ಕಡಿದು ಹಂಚಿದ ಜಾಗ ಇವೆಲ್ಲವೂ ಒಂದೇ ಊರಿನ ಭಾಗಗಳಾಗಿ ಹೊರಬಂದವು.