ಕೂಡಲಸಂಗಮದ ಸೀಮೆಯಲ್ಲಿ ಶಿಲುಬೆಯ ಪ್ರಶ್ನೆ: ಒಂದು ಟಿಪ್ಪಣಿ

ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂದಿತು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ ಮುಟ್ಟಿ, 1851ರಲ್ಲಿ ಬಾದಾಮಿ ಸೀಮೆಯ ನೇಕಾರರ ಊರಾದ ಗುಳೇದಗುಡ್ಡದಲ್ಲಿ ನೆಲೆಯೂರಿತು. ಸಂತೆ, ಜಾತ್ರೆಗಳಲ್ಲಿ ನಿಂತು ಉಪದೇಶಿಸುವುದು, ಕಿರುಹೊತ್ತಿಗೆ ಹಂಚುವುದು ಈ ಮಿಶನರಿಗಳ ವಾಡಿಕೆ. ವಿಗ್ರಹಾರಾಧನೆಯ ಖಂಡನೆ, ಜಾತಿಯ ಖಂಡನೆ, ದೇವನೊಬ್ಬನೇ ಎಂಬ ಮಂಡನೆ ಆ ಕಾಲದ ಉಪದೇಶದಲ್ಲಿ ಮತ್ತೆ ಮತ್ತೆ ಬರುವ ವಾದಗಳು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ನೆಲದಲ್ಲಿ ಈ ಮೂರೂ ವಾದಗಳು ಸಂದೇಹಿಯ ಮೂಲ ಪ್ರಶ್ನೆಯನ್ನು ಮುಟ್ಟುವುದೇ ಇಲ್ಲ ಎಂಬುದು ಈ ಟಿಪ್ಪಣಿಯ ಪ್ರಮೇಯ. ಇಲ್ಲಿ ಕ್ರೈಸ್ತ ನಂಬಿಕೆಯನ್ನು ಸಮರ್ಥಿಸಬೇಕಾದವರು ಶಿಲುಬೆಯಿಂದಲೇ ಮಾತು ಆರಂಭಿಸಬೇಕು.

ಕಾರಣ ಸ್ಪಷ್ಟ. ಬಸವಣ್ಣನವರು ಐಕ್ಯರಾದ ಕೂಡಲಸಂಗಮ ಹುನಗುಂದ ತಾಲೂಕಿನಲ್ಲಿದೆ. ಸ್ಥಾವರವನ್ನು ನೆಚ್ಚಬಾರದು, ಹುಟ್ಟಿನಿಂದ ಯಾರೂ ಮೇಲಲ್ಲ, ದೇವನೊಬ್ಬನೇ ಎಂಬ ಮಾತುಗಳು ಹನ್ನೆರಡನೆಯ ಶತಮಾನದಲ್ಲೇ ಈ ಭಾಷೆಯಲ್ಲಿ ಕೇಳಿಬಂದಿದ್ದವು. ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ ಅಚ್ಚಾದದ್ದು 1923ರಲ್ಲಿ. ಅದಕ್ಕೂ ಮೊದಲು ಪ್ರತಿಯೊಬ್ಬ ನೇಕಾರನಿಗೂ ವಚನಗಳು ಬಾಯಿಪಾಠವಾಗಿದ್ದವೆಂದು ಹೇಳುವಂತಿಲ್ಲ. ಆದರೆ ಮಠದ ಪುರಾಣ ಪ್ರವಚನ, ಭಜನೆ, ತತ್ವಪದಗಳ ಮೂಲಕ ಆ ತಿಳಿವಳಿಕೆ ಊರೂರಿಗೂ ಹರಿದಿತ್ತು. ಇದು ಮಿಶನರಿಗಳಿಗೂ ಗೊತ್ತಿತ್ತು. ಹೆರ್ಮನ್ ಮೋಗ್ಲಿಂಗ್ 1848ರಿಂದ 1853ರವರೆಗೆ ಹೊರತಂದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಬಸವಪುರಾಣವೂ ಚೆನ್ನಬಸವಪುರಾಣವೂ ಸೇರಿವೆ. ಜಿ. ವ್ಯೂರ್ಥ್ 1860ರ ದಶಕದಲ್ಲಿ ಆ ಎರಡು ಪುರಾಣಗಳ ಸಾರವನ್ನು ಇಂಗ್ಲಿಷಿಗೆ ತಂದರು. ಹೀಗೆ ಓದಿದವರ ಮುಂದೆ ಕುಳಿತು ಈ ಸೀಮೆಯವನೊಬ್ಬ ‘ನೀವು ಹೇಳುವುದರಲ್ಲಿ ಹೊಸದೇನು?’ ಎಂದು ಕೇಳಿದರೆ, ಅದನ್ನು ಅಡ್ಡಮಾತೆಂದು ತಳ್ಳುವಂತಿಲ್ಲ. ಅದು ನ್ಯಾಯವಾದ ಪ್ರಶ್ನೆ.

ಹೊಸದಿರುವುದು ಒಂದೇ ಕಡೆ: ದೇವರು ಹೆಣ್ಣಿನ ಹೊಟ್ಟೆಯಲ್ಲಿ ಹುಟ್ಟಿದ, ಮನುಷ್ಯರ ಕೈಯಲ್ಲಿ ಸತ್ತ, ಮೂರನೆಯ ದಿನ ಎದ್ದ ಎಂಬಲ್ಲಿ. ತೊಡಕಿರುವುದೂ ಅಲ್ಲಿಯೇ. ವೈಷ್ಣವನಿಗೆ ಅವತಾರ ಅಪರಿಚಿತವಲ್ಲ. ಮಂಗಳೇಶನು ಮಾಡಿಸಿದ, ಕ್ರಿ.ಶ. 578ರಲ್ಲಿ ಸಿದ್ಧವಾದ ಬಾದಾಮಿಯ ಮೂರನೆಯ ಗುಹೆಯಲ್ಲಿ ವರಾಹ, ನರಸಿಂಹ, ತ್ರಿವಿಕ್ರಮರು ಆಳೆತ್ತರ ಮೀರಿ ನಿಂತಿದ್ದಾರೆ. ಆ ಅವತಾರಗಳು ದುಷ್ಟರನ್ನು ಮಣಿಸಲು ಬಂದವು. ಇಲ್ಲಿ ದುಷ್ಟರೇ ಬಂದವನನ್ನು ಕೊಂದರು. ವೀರಶೈವನಿಗಾದರೋ ತೊಡಕು ಇನ್ನೂ ಆಳದ್ದು. ಅವನ ಶಿವ ಹುಟ್ಟು ಸಾವುಗಳನ್ನು ಮೀರಿದವನು. ಚಾಮರಸನ ‘ಪ್ರಭುಲಿಂಗಲೀಲೆ’ಯ ಅಲ್ಲಮ ಮಾಯೆಯ ಸೋಂಕಿಲ್ಲದವನು. ಅಂಥ ಕೇಳುಗನಿಗೆ ಕೊಟ್ಟಿಗೆಯ ಕೂಸು, ಮೊಳೆ ಜಡಿದ ಮೈ ದೇವರ ಇಳಿಕೆಯಾಗಿ ಕಾಣುತ್ತವೆಯೇ ಹೊರತು ಮಹಿಮೆಯಾಗಿ ಅಲ್ಲ.

ಇದಕ್ಕೆ ಉತ್ತರ ಹುಡುಕಿದವರಲ್ಲಿ ಫರ್ಡಿನಂಡ್ ಕಿಟ್ಟೆಲ್ ಮುಖ್ಯರು. 1853ರಲ್ಲಿ ಕರ್ನಾಟಕಕ್ಕೆ ಬಂದ ಅವರು 1862ರಲ್ಲಿ ‘ಕಥಾಮಾಲೆ’ಯಲ್ಲಿ ಯೇಸುವಿನ ಜೀವನವನ್ನು ನಮ್ಮ ಛಂದಸ್ಸಿನಲ್ಲಿ ಹೇಳಿದರು, 1872ರಲ್ಲಿ ‘ಯಜ್ಞಸುಧಾನಿಧಿ’ ಎಂಬ ಕಿರುಹೊತ್ತಿಗೆಯಲ್ಲಿ ಬಲಿಯ ವಿಚಾರ ಎತ್ತಿಕೊಂಡರು. ಬಂಗಾಳದ ಕೃಷ್ಣಮೋಹನ ಬ್ಯಾನರ್ಜಿ 1875ರ ತಮ್ಮ ಗ್ರಂಥದಲ್ಲಿ, ಪ್ರಜಾಪತಿ ದೇವತೆಗಳಿಗಾಗಿ ತನ್ನನ್ನೇ ಆಹುತಿಯಾಗಿ ಕೊಟ್ಟನೆಂಬ ಬ್ರಾಹ್ಮಣ ಗ್ರಂಥಗಳ ಮಾತನ್ನು ಕ್ರಿಸ್ತನ ಬಲಿಗೆ ಮುನ್ಸೂಚನೆಯೆಂದು ಓದಿದರು. ವೇದವನ್ನು ಪ್ರಮಾಣವೆಂದು ಒಪ್ಪಿದವನಿಗೆ ಇದು ತೂಕದ ವಾದ. ಆದರೆ ಹೋಮ, ಯಜ್ಞಗಳನ್ನೇ ತೊರೆದ ಶರಣ ಪರಂಪರೆಯ ಕೇಳುಗನಿಗೆ ಈ ದಾರಿ ಅರ್ಧಕ್ಕೇ ನಿಲ್ಲುತ್ತದೆ.

ಅವನಿಗೆ ಹತ್ತಿರವಾದ ದಾರಿ ಕಲ್ಯಾಣದಲ್ಲಿದೆ. ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮೂಲದ ಮಧುವರಸನ ಮಗಳನ್ನು ಕೊಟ್ಟು ಮದುವೆಯಾಯಿತು. ಕಲ್ಯಾಣದ ಅರಸ ಬಿಜ್ಜಳನ ಅಪ್ಪಣೆಯಂತೆ ಆ ಇಬ್ಬರು ತಂದೆಯರಿಗೆ ಎಳೆಹೂಟೆಯ ಶಿಕ್ಷೆಯಾಯಿತು ಎಂದು ಶರಣ ಪರಂಪರೆ ಹೇಳುತ್ತದೆ. ಅವರನ್ನು ಎಳೆಸಿ ಕೊಂದದ್ದರಿಂದ ಅವರ ನಡೆ ಸುಳ್ಳಾಯಿತೆಂದು ಈ ಸೀಮೆಯಲ್ಲಿ ಯಾರೂ ಹೇಳುವುದಿಲ್ಲ. ಅವಮಾನದ ಸಾವು ಸತ್ಯಕ್ಕೆ ಸೋಲಲ್ಲ ಎಂಬುದು ಇಲ್ಲಿ ಕಲಿಸಬೇಕಾದ ಪಾಠವೇ ಅಲ್ಲ. ಕ್ರೈಸ್ತ ನಂಬಿಕೆ ಇಲ್ಲಿಂದ ಒಂದು ಹೆಜ್ಜೆ ಮುಂದಿಡುತ್ತದೆ: ಭಕ್ತನು ಅನುಭವಿಸಿದ ಆ ಸಾವನ್ನು ದೇವರೂ ದೂರ ನಿಂತು ನೋಡದೆ ತಾನೇ ಹೊತ್ತುಕೊಂಡ, ಕೊಂದವರಿಗಾಗಿಯೂ ಹೊತ್ತುಕೊಂಡ ಎನ್ನುತ್ತದೆ. ದೇವರು ಪ್ರೀತಿಯೇ ಆಗಿದ್ದರೆ ನೋವಿನಿಂದ ದೂರವಿರುವುದು ಅವನ ದೊಡ್ಡತನವಾಗಲಾರದು. ಈ ಹೆಜ್ಜೆಯನ್ನು ಒಪ್ಪುವುದು ಬಿಡುವುದು ಕೇಳುಗನಿಗೆ ಸೇರಿದ್ದು. ಹೆಜ್ಜೆ ಎಲ್ಲಿದೆ ಎಂದು ತೋರಿಸುವುದು ಹೇಳುವವನ ಹೊಣೆ.

‘ಇದೂ ಒಂದು ಪುರಾಣವಲ್ಲವೇ?’ ಎಂಬ ಸಂದೇಹಕ್ಕೂ ಈ ನೆಲದಲ್ಲೇ ಅಳತೆಗೋಲಿದೆ. ಐಹೊಳೆಯ ಮೇಗುತಿ ಬಸದಿಯ ಗೋಡೆಯಲ್ಲಿ ರವಿಕೀರ್ತಿಯ ಶಾಸನವಿದೆ. ಅದರಲ್ಲಿ ಶಕವರ್ಷ 556, ಅಂದರೆ ಕ್ರಿ.ಶ. 634 ನಮೂದಾಗಿರುವುದರಿಂದ ಇಮ್ಮಡಿ ಪುಲಕೇಶಿಯ ಕಾಲ ನಮಗೆ ಖಚಿತ. ಯೇಸುವಿಗೆ ಮರಣದಂಡನೆ ವಿಧಿಸಿದ ಪೊಂತ್ಯ ಪಿಲಾತನ ಹೆಸರಿರುವ ಕಲ್ಲು 1961ರಲ್ಲಿ ಕೈಸರೈಯದಲ್ಲಿ ಸಿಕ್ಕಿತು. ರೋಮಿನ ಇತಿಹಾಸಕಾರ ಟ್ಯಾಸಿಟಸ್ ಎರಡನೆಯ ಶತಮಾನದ ಆರಂಭದಲ್ಲಿ ಆ ಮರಣದಂಡನೆಯನ್ನು ದಾಖಲಿಸಿದ್ದಾನೆ. ಪುನರುತ್ಥಾನದ ಸಾಕ್ಷಿಗಳ ಪಟ್ಟಿಯುಳ್ಳ ಪೌಲನ ಪತ್ರ ಘಟನೆಯಾಗಿ ಸುಮಾರು 25 ವರ್ಷಗಳೊಳಗಿನದು. ಕಲ್ಲು ಪಿಲಾತನಿದ್ದನೆಂದು ಸಾರುತ್ತದೆ, ಯೇಸು ಎದ್ದನೆಂದು ಸಾರುವುದಿಲ್ಲ. ರವಿಕೀರ್ತಿಯ ಹೊಗಳಿಕೆಯೆಲ್ಲವೂ ಅಕ್ಷರಶಃ ನಿಜವೆಂದು ನಾವು ಹೇಗೆ ಹೇಳುವುದಿಲ್ಲವೋ ಹಾಗೆ. ಸಾಕ್ಷಿ ಎಲ್ಲಿ ಮುಗಿಯುತ್ತದೆ, ನಂಬಿಕೆ ಎಲ್ಲಿ ಮೊದಲಾಗುತ್ತದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದರೆ ಮಾತಿಗೆ ಬೆಲೆ ಬರುತ್ತದೆ.

ಇನ್ನೊಂದು ಸಂದೇಹ ನಂಬಿದವರನ್ನು ಕುರಿತದ್ದು: ‘ಅನ್ನಕ್ಕಾಗಿ ಸೇರಿದವರು’ ಎಂಬುದು. 1876–78ರ ಬರದಲ್ಲಿ ಆಗಿನ ಕಲಾದಗಿ ಜಿಲ್ಲೆ ತತ್ತರಿಸಿತು. 1872ರಲ್ಲಿ 8 ಲಕ್ಷ ಮೀರಿದ್ದ ಜನಸಂಖ್ಯೆ 1881ರ ಹೊತ್ತಿಗೆ 6.4 ಲಕ್ಷದ ಆಸುಪಾಸಿಗೆ ಇಳಿಯಿತು. ಅಂಥ ಕಾಲದಲ್ಲಿ ಗಂಜಿಯೂ ಉಪದೇಶವೂ ಒಂದೇ ಅಂಗಳದಲ್ಲಿ ಸಿಕ್ಕರೆ ಈ ಅನುಮಾನ ಹುಟ್ಟುವುದು ಸಹಜ. ಅದಕ್ಕೆ ಸಿಟ್ಟಾಗುವುದು ಉತ್ತರವಲ್ಲ. ಹಸಿದವನಿಗೆ ಅನ್ನ ಕೊಟ್ಟದ್ದು ತಪ್ಪಲ್ಲ. ಅನ್ನವನ್ನು ನಂಬಿಕೆಯ ಬೆಲೆಯಾಗಿಸಿದ್ದರೆ ಅದು ಶಿಲುಬೆಯ ಅರ್ಥಕ್ಕೇ ವಿರುದ್ಧ. ಬರ ಮುಗಿದ ಮೇಲೂ ತಲೆಮಾರುಗಳ ಕಾಲ ಉಳಿದುಕೊಂಡ ಕ್ರೈಸ್ತ ಸಭೆಗಳನ್ನು ಹಸಿವೆಯೊಂದರಿಂದಲೇ ವಿವರಿಸಲೂ ಆಗದು.

ಮಿಶನರಿ ಸಾಹಿತ್ಯವನ್ನು ಓದುವವರು ಅದನ್ನು ಶರಣ ಪರಂಪರೆಯ ಪಕ್ಕದಲ್ಲಿಟ್ಟು ಓದಬೇಕು. ಆಗಲೇ ಅದರ ಯಾವ ವಾದ ಈ ನೆಲಕ್ಕೆ ತಾಗಿತು, ಯಾವುದು ತಾಗಲಿಲ್ಲ ಎಂಬುದು ತಿಳಿಯುತ್ತದೆ. ಇಂದು ಗುಳೇದಗುಡ್ಡದಲ್ಲೋ ಇಳಕಲ್ಲಿನಲ್ಲೋ ಸಂದೇಹಿಯ ಜೊತೆ ಕುಳಿತು ಮಾತಾಡುವ ಕ್ರೈಸ್ತರಿಗೂ ಇದೇ ಮಾತು. ಅವನ ಹಿರಿಯರು ಕಂಡ ಸತ್ಯವನ್ನು ಮೊದಲು ಗೌರವದಿಂದ ಒಪ್ಪಿಕೊಳ್ಳಿ, ಅದನ್ನು ಅವನಿಗೇ ಹೊಸದೆಂಬಂತೆ ಹೇಳಬೇಡಿ. ನಿಮ್ಮಲ್ಲಿ ಬೇರೆಯದೇನಿದೆಯೋ ಅದನ್ನು ಮಾತ್ರ ಬಿಚ್ಚಿಡಿ. ಅಲ್ಲಿ ಭಿನ್ನಾಭಿಪ್ರಾಯ ಉಳಿದರೂ ಅದು ಪ್ರಾಮಾಣಿಕವಾದ ಭಿನ್ನಾಭಿಪ್ರಾಯವಾಗಿರುತ್ತದೆ.